ಹಿನ್ನೆಲೆ ವಿಕಿರಣ ಮತ್ತು ವಿಶ್ವದ ದ್ರವ್ಯದ ಅಳತೆ

ಆಕಾಶದ ಎಲ್ಲ ದಿಕ್ಕುಗಳಿಂದಲೂ ಭೂಮಿಗೆ ಬಂದು ತಲುಪುತ್ತಿರುವ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವನ್ನು ಅಳೆದು ವಿಶ್ವದಲ್ಲಿ ದ್ರವ್ಯ ಎಷ್ಟಿದೆ, ಅದರಲ್ಲಿ ಪರಮಾಣುಗಳ ಪಾಲೆಷ್ಟು, ಕಪ್ಪುದ್ರವ್ಯದ ಪಾಲೆಷ್ಟು, ನ್ಯೂಟ್ರಿನೋಗಳ ತೂಕ ಯಾವ ಮಿತಿಯೊಳಗಿರಬೇಕು ಎಂದು ಲೆಕ್ಕ ಹಾಕುವ ವಿಧಾನ ಕಳೆದ ಮೂರು ದಶಕಗಳಲ್ಲಿ ಪಕ್ವವಾಗಿದೆ. ಅಳತೆಗೆ ಎರಡು ದಾರಿಗಳಿವೆ. ದಿಕ್ಕಿನಿಂದ ದಿಕ್ಕಿಗೆ ವಿಕಿರಣದ ಉಷ್ಣತೆ ಎಷ್ಟು ಏರುಪೇರಾಗುತ್ತದೆ ಎಂದು ನೋಡುವುದು ಒಂದು. ಇಡೀ ಆಕಾಶದ ಸರಾಸರಿ ತೆಗೆದುಕೊಂಡು, ಬೇರೆ ಬೇರೆ ಆವರ್ತಾಂಕಗಳಲ್ಲಿ ರೋಹಿತದ ಆಕಾರ ಎಲ್ಲಿ ಕೊಂಕುತ್ತದೆ ಎಂದು ಹುಡುಕುವುದು ಇನ್ನೊಂದು. ಮೊದಲನೆಯದರ ಖ್ಯಾತಿ ಬಹುಮಟ್ಟಿಗೆ ಉಪಗ್ರಹಗಳಿಗೆ, ಚಿಲಿ ಮತ್ತು ದಕ್ಷಿಣ ಧ್ರುವದ ದೂರದರ್ಶಕಗಳಿಗೆ ಸಲ್ಲುತ್ತದೆ. ಎರಡನೆಯದರಲ್ಲಿ ಉತ್ತರ ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ಇರುವ ರಾಮನ್ ಸಂಶೋಧನಾ ಸಂಸ್ಥೆ ಜಗತ್ತಿನ ಮುಂಚೂಣಿಯ ಕೆಲವೇ ಗುಂಪುಗಳ ಸಾಲಿನಲ್ಲಿ ನಿಲ್ಲುತ್ತದೆ.

ವಿಶ್ವ ಹುಟ್ಟಿ ಸುಮಾರು 3,80,000 ವರ್ಷಗಳವರೆಗೆ ಅದರಲ್ಲಿದ್ದ ಅನಿಲ ಅಯಾನುಗಳಾಗಿ ಒಡೆದೇ ಇತ್ತು. ಬಿಡಿ ಇಲೆಕ್ಟ್ರಾನುಗಳಿಗೆ ತಾಗಿ ತಾಗಿ ಚದುರುತ್ತಿದ್ದ ಬೆಳಕು ಹೆಚ್ಚು ದೂರ ಸಾಗಲಾರದೆ ಹೋಗುತ್ತಿತ್ತು. ಉಷ್ಣತೆ 3,000 ಕೆಲ್ವಿನ್‌ಗೆ ಇಳಿದಾಗ ಇಲೆಕ್ಟ್ರಾನುಗಳು ಪ್ರೋಟಾನುಗಳೊಡನೆ ಕೂಡಿ ಹೈಡ್ರೋಜನ್ ಆದವು, ದಾರಿ ತಿಳಿಯಾಯಿತು, ಬೆಳಕು ಬಿಡುಗಡೆಯಾಯಿತು. ಆಮೇಲೆ ವಿಶ್ವ ಸುಮಾರು 1,090 ಪಟ್ಟು ಹಿಗ್ಗಿದ್ದರಿಂದ ಅದೇ ಬೆಳಕು ಇಂದು 2.725 ಕೆಲ್ವಿನ್ ಉಷ್ಣತೆಯ ಸೂಕ್ಷ್ಮತರಂಗವಾಗಿದೆ. ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಅದರ ಸುಮಾರು 411 ಫೋಟಾನುಗಳಿರುತ್ತವೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಇದನ್ನು ಪತ್ತೆ ಹಚ್ಚಿದ ಸುದ್ದಿ ಪ್ರಕಟವಾದದ್ದು 1965ರಲ್ಲಿ. ಕೋಬೆ ಉಪಗ್ರಹ 1990ರಲ್ಲಿ ಇದರ ರೋಹಿತ ಪರಿಪೂರ್ಣ ಕೃಷ್ಣಕಾಯದ್ದೆಂದು ತೋರಿಸಿತು. 1992ರಲ್ಲಿ ಉಷ್ಣತೆ ದಿಕ್ಕಿನಿಂದ ದಿಕ್ಕಿಗೆ ಲಕ್ಷದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವಾಗುವುದನ್ನು ಕಂಡಿತು. ಆ ಸಣ್ಣ ವ್ಯತ್ಯಾಸಗಳ ನಕ್ಷೆಯನ್ನು 2001ರಲ್ಲಿ ಹಾರಿದ ಡಬ್ಲ್ಯುಮ್ಯಾಪ್, 2009ರಲ್ಲಿ ಹಾರಿದ ಯುರೋಪಿನ ಪ್ಲಾಂಕ್ ಉಪಗ್ರಹಗಳು ಸೂಕ್ಷ್ಮಗೊಳಿಸುತ್ತ ಹೋದವು.

ಈ ನಕ್ಷೆಯಿಂದ ದ್ರವ್ಯದ ತೂಕ ತಿಳಿಯುವುದು ಹೇಗೆ ಎಂಬುದೇ ವಿಷಯದ ತಿರುಳು. ಬೆಳಕು ಬಿಡುಗಡೆಯಾಗುವ ಮೊದಲು ಫೋಟಾನುಗಳೂ ಪರಮಾಣು ದ್ರವ್ಯವೂ, ಅಂದರೆ ಬೇರಿಯಾನುಗಳೂ, ಬೆರೆತು ಒಂದೇ ದ್ರವದಂತೆ ಚಲಿಸುತ್ತಿದ್ದವು. ದ್ರವ್ಯ ತುಸು ಹೆಚ್ಚಿದ್ದ ಕಡೆ ಗುರುತ್ವ ಆ ದ್ರವವನ್ನು ಒಳಗೆಳೆಯುತ್ತಿತ್ತು, ಬೆಳಕಿನ ಒತ್ತಡ ಅದನ್ನು ಹೊರದೂಡುತ್ತಿತ್ತು. ಹೀಗೆ ಎದ್ದ ಅಲೆಗಳು ಶಬ್ದದ ಅಲೆಗಳೇ. ಬಿಡುಗಡೆಯ ಕ್ಷಣದಲ್ಲಿ ಯಾವ ಅಲೆ ಪೂರ್ತಿ ಒತ್ತಿಕೊಂಡಿತ್ತೋ, ಯಾವುದು ಪೂರ್ತಿ ಸಡಿಲವಾಗಿತ್ತೋ ಅವು ಉಷ್ಣತೆಯ ನಕ್ಷೆಯಲ್ಲಿ ಹೆಚ್ಚು ಎದ್ದು ಕಾಣುತ್ತವೆ. ಏರಿಳಿತಗಳನ್ನು ಕೋನದ ಅಳತೆಗೆ ತಕ್ಕಂತೆ ವಿಂಗಡಿಸಿ ಗ್ರಾಫ್ ಎಳೆದರೆ ಒಂದರ ಪಕ್ಕ ಒಂದು ಶೃಂಗಗಳು ಬರುತ್ತವೆ. ಮೊದಲ ಶೃಂಗ ಆಕಾಶದಲ್ಲಿ ಸುಮಾರು ಒಂದು ಡಿಗ್ರಿಯ ಕಲೆಗಳಿಗೆ ಸಂಬಂಧಿಸಿದ್ದು. ಬೆಸ ಸಂಖ್ಯೆಯ ಶೃಂಗಗಳು ಒತ್ತಿಕೊಂಡ ಅಲೆಗಳವು, ಸಮ ಸಂಖ್ಯೆಯವು ಸಡಿಲಗೊಂಡ ಅಲೆಗಳವು.

ಇಲ್ಲಿ ಸಿ.ವಿ. ರಾಮನ್ ಅವರದೇ ಒಂದು ಕೆಲಸ ನೆನಪಿಗೆ ಬರುತ್ತದೆ. ಮೃದಂಗದ ಚರ್ಮದ ನಡುವೆ ಮೆತ್ತುವ ಕಪ್ಪು ಕರಣೆ ಆ ಚರ್ಮಕ್ಕೆ ತೂಕ ಕೊಟ್ಟು ಅದರ ಮೇಲ್ಸ್ವರಗಳನ್ನು ಸುಶ್ರಾವ್ಯವಾದ ಅನುಪಾತಕ್ಕೆ ತರುತ್ತದೆ ಎಂದು ಅವರು ತೋರಿಸಿದ್ದರು. 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಆ ಬಗ್ಗೆ ವಿವರವಾಗಿ ಬರೆದರು. ಆದಿ ವಿಶ್ವದ ದ್ರವದಲ್ಲಿ ಬೇರಿಯಾನುಗಳ ಪಾತ್ರ ಕರಣೆಯದ್ದಕ್ಕೆ ಹತ್ತಿರವಾದದ್ದು. ಅವುಗಳಿಗೆ ತೂಕ ಇದೆ, ಆದರೆ ಅವು ಒತ್ತಡಕ್ಕೆ ಹೇಳಿಕೊಳ್ಳುವಷ್ಟು ಏನನ್ನೂ ಸೇರಿಸುವುದಿಲ್ಲ. ಆದ್ದರಿಂದ ದ್ರವ ಗುರುತ್ವದ ಗುಂಡಿಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಮೇಲೆ ಏಳುವಾಗ ಅಷ್ಟು ಏಳುವುದಿಲ್ಲ. ಬೇರಿಯಾನು ಹೆಚ್ಚಿದಷ್ಟೂ ಮೊದಲ ಶೃಂಗ ಎತ್ತರವಾಗುತ್ತದೆ, ಎರಡನೆಯದು ಕುಗ್ಗುತ್ತದೆ. ಮೃದಂಗದಲ್ಲಿ ತೂಕ ಬದಲಿಸುವುದು ಮುಖ್ಯವಾಗಿ ಸ್ವರಗಳ ಅನುಪಾತವನ್ನು, ಇಲ್ಲಿ ಬದಲಿಸುವುದು ಮುಖ್ಯವಾಗಿ ಶೃಂಗಗಳ ಎತ್ತರವನ್ನು. ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯಬಾರದು. ಪ್ಲಾಂಕ್ ಅಳೆದಂತೆ ಮೊದಲ ಶೃಂಗದ ಎತ್ತರ ಸುಮಾರು 5,700 ಚದರ ಮೈಕ್ರೋಕೆಲ್ವಿನ್, ಎರಡನೆಯದು ಸುಮಾರು 2,600. ಈ ಅಂತರವೇ ಪರಮಾಣು ದ್ರವ್ಯದ ತಕ್ಕಡಿ.

ಕಪ್ಪುದ್ರವ್ಯವನ್ನು ತೂಗುವುದು ಮೂರನೆಯ ಶೃಂಗ. ಕಪ್ಪುದ್ರವ್ಯಕ್ಕೆ ಬೆಳಕಿನ ಸಂಪರ್ಕವಿಲ್ಲ. ಅದು ಅಲೆಗಳ ಜೊತೆ ಏರಿಳಿಯದೆ ಗುರುತ್ವದ ಗುಂಡಿಯಲ್ಲೇ ಕೂತಿರುತ್ತದೆ. ವಿಶ್ವದ ಮೊದಲ ಸುಮಾರು 50,000 ವರ್ಷ ವಿಕಿರಣದ ತೂಕವೇ ದ್ರವ್ಯದ ತೂಕಕ್ಕಿಂತ ಹೆಚ್ಚಿತ್ತು. ಆಗ ಅಲೆ ಒತ್ತಿಕೊಳ್ಳುತ್ತಿದ್ದಂತೆ ಗುಂಡಿಯೂ ಸವೆದುಹೋಗುತ್ತಿತ್ತು, ತಡೆಯಿಲ್ಲದೆ ಹಿಂದಕ್ಕೆ ಚಿಮ್ಮಿದ ಅಲೆಗೆ ಬಲ ಸಿಗುತ್ತಿತ್ತು. ಗಾತ್ರದಲ್ಲಿ ಸಣ್ಣ ಅಲೆಗಳು ಮೊದಲೇ ಶುರುವಾದ್ದರಿಂದ ಈ ಬಲ ಅವುಗಳಿಗೆ ಹೆಚ್ಚು. ಒಟ್ಟು ದ್ರವ್ಯ ಹೆಚ್ಚಿದ್ದರೆ ವಿಕಿರಣದ ಕಾಲ ಬೇಗ ಮುಗಿಯುತ್ತದೆ, ಚಿಮ್ಮುವಿಕೆ ತಗ್ಗುತ್ತದೆ, ಶೃಂಗಗಳ ಒಟ್ಟು ಎತ್ತರ ಇಳಿಯುತ್ತದೆ. ಅದರ ಜೊತೆಗೆ, ಒತ್ತಡಕ್ಕೆ ಮಣಿಯದ ಕಪ್ಪುದ್ರವ್ಯದ ಗುಂಡಿಗಳು ಉಳಿದಿದ್ದರೆ ಮಾತ್ರ ಬೇರಿಯಾನುಗಳ ತೂಕದ ಪರಿಣಾಮ ಮೂರನೆಯ ಶೃಂಗದಲ್ಲಿಯೂ ಕಾಣುತ್ತದೆ. ಪರಮಾಣು ದ್ರವ್ಯ ಬಿಟ್ಟರೆ ಬೇರೇನೂ ಇಲ್ಲದ ವಿಶ್ವದಲ್ಲಿ ಮೂರನೆಯ ಶೃಂಗ ಎರಡನೆಯದಕ್ಕಿಂತ ಸ್ಪಷ್ಟವಾಗಿ ಕುಳ್ಳಾಗಿರಬೇಕಿತ್ತು. ಕಂಡದ್ದು ಸುಮಾರು 2,500 ಚದರ ಮೈಕ್ರೋಕೆಲ್ವಿನ್, ಎರಡನೆಯದಕ್ಕೆ ಹೆಚ್ಚುಕಡಿಮೆ ಸಮ. ಗೆಲಾಕ್ಸಿಗಳ ಸುತ್ತಾಟದಿಂದ ಕಪ್ಪುದ್ರವ್ಯವನ್ನು ಊಹಿಸಿದ ವಾದಕ್ಕೆ ಗುರುತ್ವದ ನಿಯಮವನ್ನೇ ತಿದ್ದಿ ಉತ್ತರ ಹೇಳಬಹುದೆಂದು ವಾದಿಸಿದವರಿಗೆ ಅತ್ಯಂತ ಕಠಿಣವಾಗಿ ಪರಿಣಮಿಸಿರುವುದು ಈ ಒಂದು ಶೃಂಗ.

ಜನಪ್ರಿಯ ಬರಹಗಳಲ್ಲಿ ಈ ಫಲಿತಾಂಶ ಪರಮಾಣು ಶೇಕಡಾ 5, ಕಪ್ಪುದ್ರವ್ಯ ಶೇಕಡಾ 27, ಕಪ್ಪುಶಕ್ತಿ ಶೇಕಡಾ 68 ಎಂಬ ವೃತ್ತಚಿತ್ರವಾಗಿ ಬರುತ್ತದೆ. ಆದರೆ ಶೃಂಗಗಳು ಶೇಕಡಾವಾರನ್ನು ನೇರವಾಗಿ ಹೇಳುವುದಿಲ್ಲ. ಅವು ಹೇಳುವುದು ಸಾಂದ್ರತೆಯನ್ನು, ಅಂದರೆ ಒಂದು ಘನ ಮೀಟರ್‌ನಲ್ಲಿ ಎಷ್ಟು ದ್ರವ್ಯ ಎಂಬುದನ್ನು. ಪ್ಲಾಂಕ್ ತಂಡದ 2018ರ ಅಂತಿಮ ವಿಶ್ಲೇಷಣೆಯ ಪ್ರಕಾರ ಇಂದಿನ ವಿಶ್ವದ ನಾಲ್ಕು ಘನ ಮೀಟರ್ ಜಾಗಕ್ಕೆ ಸರಾಸರಿ ಒಂದು ಪ್ರೋಟಾನಿನಷ್ಟು ಪರಮಾಣು ದ್ರವ್ಯವಿದೆ. ಕಪ್ಪುದ್ರವ್ಯ ಅದರ ಸುಮಾರು 5.4 ಪಟ್ಟು. ಅಳತೆಯ ಅನಿಶ್ಚಿತತೆ ಎರಡರಲ್ಲೂ ಶೇಕಡಾ ಒಂದರ ಆಸುಪಾಸು. ಒಂದು ಬೇರಿಯಾನಿಗೆ ಸುಮಾರು 160 ಕೋಟಿ ಫೋಟಾನುಗಳು ಬೀಳುತ್ತವೆ. ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದ ಡ್ಯೂಟೀರಿಯಮ್‌ನ ಪ್ರಮಾಣದಿಂದ, ಪೂರ್ತಿ ಬೇರೆಯದೇ ಭೌತವಿಜ್ಞಾನದಿಂದ, ಬೇರಿಯಾನುಗಳನ್ನು ಎಣಿಸಿದರೂ ಇದೇ ಉತ್ತರ ಬರುವುದು ಈ ವಿಧಾನಕ್ಕೆ ಸಿಕ್ಕಿರುವ ದೊಡ್ಡ ಬೆಂಬಲ.

ಸಾಂದ್ರತೆಯನ್ನು ಶೇಕಡಾವಾರಿಗೆ ಇಳಿಸಲು ವಿಶ್ವ ಇಂದು ಹಿಗ್ಗುವ ವೇಗ ಬೇಕು. ಅದು ಸಿಗುವುದು ಶೃಂಗಗಳ ಸ್ಥಾನದಿಂದ. ಬಿಡುಗಡೆಯ ಹೊತ್ತಿಗೆ ಶಬ್ದದ ಅಲೆ ಸಾಗಿದ್ದ ದೂರ ಆಕಾಶದಲ್ಲಿ ಸುಮಾರು 0.6 ಡಿಗ್ರಿಯಾಗಿ ಕಾಣುತ್ತದೆ. ಪ್ಲಾಂಕ್ ಈ ಕೋನವನ್ನು ಹತ್ತು ಸಾವಿರದಲ್ಲಿ ಮೂರು ಭಾಗದಷ್ಟು ನಿಖರವಾಗಿ ಅಳೆದಿದೆ. ವಿಶ್ವ ಸಪಾಟಾಗಿದೆ, ಕಪ್ಪುಶಕ್ತಿಯ ಸಾಂದ್ರತೆ ಕಾಲದೊಂದಿಗೆ ಬದಲಾಗುವುದಿಲ್ಲ ಎಂದು ಒಪ್ಪಿಕೊಂಡರೆ ಆ ವೇಗವನ್ನು ಹೇಳುವ ಹಬಲ್ ಸ್ಥಿರಾಂಕ ಸೆಕೆಂಡಿಗೆ ಪ್ರತಿ ಮೆಗಾಪಾರ್ಸೆಕ್‌ಗೆ 67.4 ಕಿಲೋಮೀಟರ್ ಎಂದೂ ಒಟ್ಟು ದ್ರವ್ಯದ ಪಾಲು ಶೇಕಡಾ 31.5 ಎಂದೂ ಬರುತ್ತದೆ. ಹತ್ತಿರದ ಗೆಲಾಕ್ಸಿಗಳ ಸೂಪರ್‌ನೋವಾಗಳಿಂದ ಅಳೆದವರಿಗೆ ಅದೇ ಸ್ಥಿರಾಂಕ ಸುಮಾರು 73 ಎಂದು ಸಿಗುತ್ತಿದೆ. ಈ ಜಗಳ ಇನ್ನೂ ಬಗೆಹರಿದಿಲ್ಲ. ಬಗೆಹರಿದಾಗ ಶೇಕಡಾವಾರು ತುಸು ಕದಲಬಹುದು. ಘನ ಮೀಟರಿನ ಲೆಕ್ಕ ಅಷ್ಟು ಸುಲಭವಾಗಿ ಕದಲುವಂಥದ್ದಲ್ಲ.

ಬಿಡುಗಡೆಯಾದ ಮೇಲೆ ಬೆಳಕು ಬಂದ ದಾರಿಯೂ ಮಾಹಿತಿ ಕೊಡುತ್ತದೆ. ನಡುವೆ ಸಿಗುವ ದ್ರವ್ಯರಾಶಿಗಳು ಗುರುತ್ವ ಮಸೂರಗಳಾಗಿ ಅದನ್ನು ಕೆಲವು ಕಲಾನಿಮಿಷಗಳಷ್ಟು ಬಾಗಿಸುತ್ತವೆ, ಕಲೆಗಳ ಆಕಾರ ತುಸು ಕಲಸಿದಂತಾಗುತ್ತದೆ. ಆ ಕಲಸಾಟದ ಅಂಕಿಅಂಶದಿಂದ ಬೆಳಕು ಬಿಡುಗಡೆಯಾದ ಜಾಗಕ್ಕೂ ಭೂಮಿಗೂ ನಡುವಿನ ಎಲ್ಲ ದ್ರವ್ಯದ, ಕಾಣುವುದರ ಮತ್ತು ಕಾಣದ್ದರ, ನಕ್ಷೆ ಬರೆಯಬಹುದು. ಚಿಲಿಯ ಅಟಕಾಮಾ ದೂರದರ್ಶಕ ಮತ್ತು ದಕ್ಷಿಣ ಧ್ರುವದ ದೂರದರ್ಶಕ ಈ ಕೆಲಸದಲ್ಲಿ ಪ್ಲಾಂಕ್‌ಗಿಂತ ಮುಂದೆ ಹೋಗಿವೆ.

ನ್ಯೂಟ್ರಿನೋಗಳ ವಿಷಯದಲ್ಲಿ ಕರ್ನಾಟಕದ ನಂಟು ಹಳೆಯದು. ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಲೇಖನ ಬಂದ 1965ರಲ್ಲೇ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳು ಪತ್ತೆಯಾದವು. 1972ರಲ್ಲಿ ರಮಾನಾಥ್ ಕೌಶಿಕ್ ಮತ್ತು ಜೆ. ಮೆಕ್ಲೆಲೆಂಡ್ ಒಂದು ಸರಳ, ತೀಕ್ಷ್ಣ ವಾದ ಮುಂದಿಟ್ಟರು. ಕೌಶಿಕ್ ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದವರು. ಆದಿ ವಿಶ್ವದಲ್ಲಿ ಬೆಳಕಿನೊಡನೆ ಸಮತೋಲದಲ್ಲಿದ್ದ ನ್ಯೂಟ್ರಿನೋಗಳು ಇಂದು ಹಿನ್ನೆಲೆ ಫೋಟಾನುಗಳಿಗೆ ಹೋಲಿಸಬಹುದಾದಷ್ಟು ಸಂಖ್ಯೆಯಲ್ಲಿ ಉಳಿದಿರಬೇಕು. ಹಾಗಿದ್ದಲ್ಲಿ ಪ್ರತಿಯೊಂದರ ತೂಕ ಅತ್ಯಲ್ಪವಾಗಿರಲೇಬೇಕು, ಇಲ್ಲದಿದ್ದರೆ ಅವುಗಳ ಒಟ್ಟು ಗುರುತ್ವ ವಿಶ್ವದ ವಿಸ್ತರಣೆಯನ್ನು ಕಂಡುಬಂದದ್ದಕ್ಕಿಂತ ಹೆಚ್ಚು ನಿಧಾನಗೊಳಿಸುತ್ತಿತ್ತು. ಅವರು ಕೊಟ್ಟ ಮಿತಿ 8 ಇಲೆಕ್ಟ್ರಾನ್ ವೋಲ್ಟ್. ಒಂದು ಕಣದ ತೂಕಕ್ಕೆ ಇಡೀ ವಿಶ್ವವನ್ನು ಪ್ರಯೋಗಶಾಲೆಯಾಗಿ ಬಳಸಿದ ಆರಂಭದ ಉದಾಹರಣೆಗಳಲ್ಲಿ ಇದು ಸೇರುತ್ತದೆ. ಮರುವರ್ಷವೇ ಈ ಇಬ್ಬರೂ ಗೆಲಾಕ್ಸಿ ಗುಚ್ಛಗಳ ಕಾಣದ ದ್ರವ್ಯ ತೂಕವಿರುವ ನ್ಯೂಟ್ರಿನೋಗಳೇ ಇರಬಹುದೆಂದು ಸೂಚಿಸಿದರು. ಆ ಊಹೆ ನಿಲ್ಲಲಿಲ್ಲ, ಏಕೆಂದರೆ ವೇಗವಾಗಿ ಓಡುವ ಕಣಗಳು ಸಣ್ಣ ರಚನೆಗಳನ್ನು ಅಳಿಸಿಬಿಡುತ್ತವೆ. ವಾದದ ಕ್ರಮ ಮಾತ್ರ ನಿಂತಿತು: ಪ್ಲಾಂಕ್ ಮತ್ತು ಗೆಲಾಕ್ಸಿ ಸಮೀಕ್ಷೆಗಳನ್ನು ಕೂಡಿಸಿದ 2018ರ ಮಿತಿಯಂತೆ ಮೂರೂ ಬಗೆಯ ನ್ಯೂಟ್ರಿನೋಗಳ ಒಟ್ಟು ತೂಕ 0.12 ಇಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ.

ರಾಮನ್ ಸಂಶೋಧನಾ ಸಂಸ್ಥೆ 1948ರಲ್ಲಿ ಶುರುವಾಯಿತು. ರಾಮನ್ ತೀರಿಕೊಂಡ ಮೇಲೆ, 1972ರಲ್ಲಿ, ಅವರ ಮಗ ವಿ. ರಾಧಾಕೃಷ್ಣನ್ ನಿರ್ದೇಶಕರಾಗಿ ಬಂದರು. ರೇಡಿಯೋ ಖಗೋಳ ವಿಜ್ಞಾನ ಅಲ್ಲಿ ಬೇರೂರಿದ್ದು ಆಗ. ಭಾರತೀಯ ಖಭೌತ ಸಂಸ್ಥೆಯ ಜೊತೆಗೂಡಿ ಗೌರಿಬಿದನೂರಿನಲ್ಲಿ ದೊಡ್ಡ ರೇಡಿಯೋ ದೂರದರ್ಶಕ ಕಟ್ಟಲಾಯಿತು. ಮುಂದೆ ಸಂಸ್ಥೆಯ ನಿರ್ದೇಶಕರಾದ ರವಿ ಸುಬ್ರಹ್ಮಣ್ಯನ್ 1990ರ ದಶಕದಲ್ಲಿ ಆಸ್ಟ್ರೇಲಿಯಾದ ದೂರದರ್ಶಕ ಜಾಲದಿಂದ ಹಿನ್ನೆಲೆ ವಿಕಿರಣದ ಕಲಾನಿಮಿಷ ಗಾತ್ರದ ಏರಿಳಿತಕ್ಕೆ ಮೇಲ್ಮಿತಿ ಹಾಕಿದ್ದವರು. ಬೆಂಗಳೂರಿಗೆ ಬಂದ ಮೇಲೆ ಅವರ, ಎನ್. ಉದಯಶಂಕರ್ ಅವರ ಮತ್ತು ಸಹೋದ್ಯೋಗಿಗಳ ಗಮನ ರೋಹಿತದ ಕಡೆಗೆ ತಿರುಗಿತು. ಸಾವಿರಾರು ಕೋಟಿಯ ಉಪಗ್ರಹದ ಜೊತೆ ನೆಲದಿಂದ ಪೈಪೋಟಿ ಮಾಡುವುದಕ್ಕಿಂತ, ಒಂದೇ ಆಂಟೆನಾವನ್ನು ಅತಿ ಎಚ್ಚರದಿಂದ ಕಟ್ಟಿ ಉತ್ತರ ಪಡೆಯಬಹುದಾದ ಪ್ರಶ್ನೆಯನ್ನು ಆರಿಸಿಕೊಂಡದ್ದು ಜಾಣತನದ ಆಯ್ಕೆ.

ಅವರ ಯೋಜನೆಗಳಲ್ಲಿ ದ್ರವ್ಯದ ಎಣಿಕೆಗೆ ನೇರ ಸಂಬಂಧವಿರುವುದು ಅಪ್ಸೆರಾ. ಇಲೆಕ್ಟ್ರಾನು ಪ್ರೋಟಾನಿನೊಡನೆ ಕೂಡುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಪ್ರತಿ ಮೆಟ್ಟಿಲಿಗೂ ಫೋಟಾನು ಹೊರಹಾಕುತ್ತದೆ. ಆ ಹೆಚ್ಚುವರಿ ಫೋಟಾನುಗಳು ಹಿನ್ನೆಲೆಯ ನುಣುಪಾದ ರೋಹಿತದ ಮೇಲೆ ಸಣ್ಣ ಸುಕ್ಕುಗಳನ್ನು ಮೂಡಿಸಿರಬೇಕು. ಸುಕ್ಕುಗಳ ಎತ್ತರ ಹೈಡ್ರೋಜನ್ ಮತ್ತು ಹೀಲಿಯಮ್ ಪ್ರಮಾಣವನ್ನು ಅವಲಂಬಿಸುವುದರಿಂದ ಬೇರಿಯಾನುಗಳನ್ನು ಶೃಂಗಗಳ ನೆರವಿಲ್ಲದೆ ಎಣಿಸಲು ಇದೊಂದು ಸ್ವತಂತ್ರ ದಾರಿ. ಕಷ್ಟವೆಂದರೆ ಸುಕ್ಕಿನ ಎತ್ತರ ಹತ್ತು ನ್ಯಾನೋಕೆಲ್ವಿನ್‌ಗೂ ಕಡಿಮೆ, ಹಿನ್ನೆಲೆಯ ಉಷ್ಣತೆಯ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು. ಮಯೂರಿ ಸತ್ಯನಾರಾಯಣ ರಾವ್, ಸುಬ್ರಹ್ಮಣ್ಯನ್, ಉದಯಶಂಕರ್ ಮತ್ತು ಯೆನ್ಸ್ ಕ್ಲೂಬಾ 2015ರಲ್ಲಿ ಮಾಡಿದ ಲೆಕ್ಕದಂತೆ 2ರಿಂದ 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ 128 ಗ್ರಾಹಕಗಳನ್ನು 255 ದಿನ ಆಕಾಶಕ್ಕೆ ಒಡ್ಡಿದರೆ ಶೇಕಡಾ 90 ವಿಶ್ವಾಸದೊಂದಿಗೆ ಸುಕ್ಕುಗಳನ್ನು ಗುರುತಿಸಬಹುದು. ವೈಫೈ ಮತ್ತು ಮೊಬೈಲ್ ಜಾಲಗಳು ದಟ್ಟವಾಗಿ ತುಂಬಿರುವುದೂ ಇದೇ ಪಟ್ಟಿಯಲ್ಲಿ, ಹಾಗಾಗಿ ನಗರದಿಂದ ಬಹುದೂರದ ತಾಣ ಅನಿವಾರ್ಯ.

ಹೆಚ್ಚು ಸದ್ದು ಮಾಡಿದ್ದು ಇದೇ ಸಂಸ್ಥೆಯ ಸಾರಸ್ ಪ್ರಯೋಗ. ಮೊದಲ ನಕ್ಷತ್ರಗಳು ಹುಟ್ಟಿದಾಗ ಸುತ್ತಲಿನ ತಣ್ಣನೆಯ ಹೈಡ್ರೋಜನ್ ಹಿನ್ನೆಲೆ ವಿಕಿರಣದಿಂದ 21 ಸೆಂಟಿಮೀಟರ್ ತರಂಗವನ್ನು ಹೀರಿಕೊಂಡಿರಬೇಕು. ಆ ಹೀರಿಕೆಯಿಂದ ರೋಹಿತದಲ್ಲಿ ಮೂಡಿದ ಕುಳಿ ಇಂದು ನೂರು ಮೆಗಾಹರ್ಟ್ಸ್‌ನ ಸುತ್ತಮುತ್ತ ಕಾಣಬೇಕು. 2018ರಲ್ಲಿ ಅಮೆರಿಕದ ಎಡ್ಜಸ್ ತಂಡ ಪಶ್ಚಿಮ ಆಸ್ಟ್ರೇಲಿಯಾದಲ್ಲಿಟ್ಟ ಆಂಟೆನಾದಿಂದ 78 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.5 ಕೆಲ್ವಿನ್ ಆಳದ ಕುಳಿ ಕಂಡಿತೆಂದು ಪ್ರಕಟಿಸಿತು. ಸಾಮಾನ್ಯ ಭೌತವಿಜ್ಞಾನ ಅನುಮತಿಸುವ ಗರಿಷ್ಠ ಆಳದ ಎರಡರಷ್ಟು ಅದು. ಅನಿಲ ನಿರೀಕ್ಷೆಗಿಂತ ತಣ್ಣಗಿದ್ದರೆ ಮಾತ್ರ ಇಷ್ಟು ಆಳ ಸಾಧ್ಯ, ತಣ್ಣಗಾಗಲು ತನಗಿಂತ ತಣ್ಣನೆಯ ಯಾವುದಕ್ಕೋ ಶಾಖ ಕೊಟ್ಟಿರಬೇಕು, ಅದು ಕಪ್ಪುದ್ರವ್ಯವೇ ಇರಬೇಕು ಎಂದು ಇಸ್ರೇಲಿನ ರೆನಾನ್ ಬರ್ಕಾನಾ ವಾದಿಸಿದರು. ಹಾಗಾದರೆ ಕಪ್ಪುದ್ರವ್ಯದ ಕಣದ ತೂಕ ಪ್ರೋಟಾನಿನ ಕೆಲವು ಪಟ್ಟಿಗಿಂತ ಹೆಚ್ಚಿರಲು ಸಾಧ್ಯವಿರಲಿಲ್ಲ. ಒಂದು ರೇಡಿಯೋ ಆಂಟೆನಾದಿಂದ ಕಪ್ಪುದ್ರವ್ಯದ ಗುಣವನ್ನೇ ಹೇಳಿಬಿಡುವಷ್ಟು ದೊಡ್ಡ ಮಾತು ಅದು.

ಇಂಥ ಅಳತೆಯಲ್ಲಿ ಮೋಸ ಮಾಡುವುದು ನೆಲ. ಆಂಟೆನಾದ ಕೆಳಗಿನ ಮಣ್ಣಿನ ಪದರಗಳು, ತೇವ, ಬಂಡೆ ಎಲ್ಲವೂ ಅಲೆಗಳನ್ನು ಹಿಂದಿರುಗಿಸಿ ರೋಹಿತದಲ್ಲಿ ಇಲ್ಲದ ಕುಳಿ ಮೂಡಿಸಬಲ್ಲವು. ಮೂರನೆಯ ಪೀಳಿಗೆಯ ಸಾರಸ್ ಉಪಕರಣವನ್ನು ಆದ್ದರಿಂದ ನೀರಿನ ಮೇಲೆ ತೇಲಿಸಲಾಯಿತು. ಲೋಹದ ತಟ್ಟೆಯ ಮೇಲೆ ಶಂಕುವಿನಾಕಾರದ ಆಂಟೆನಾ, ಅದರ ಅಡಿಯಲ್ಲೇ ಗ್ರಾಹಕ, ಎಲ್ಲವನ್ನೂ ಹೊತ್ತ ತೆಪ್ಪ. ಸಂಕೇತ ಆಪ್ಟಿಕಲ್ ಫೈಬರ್ ಮೂಲಕ ದೂರಕ್ಕೆ ಹೋಗುತ್ತದೆ. ಕೆಳಗೆ ಇರುವುದು ಏಕರೂಪದ ನೀರಷ್ಟೇ, ಅದರ ವಿದ್ಯುತ್ ಗುಣ ಗೊತ್ತಿರುವಂಥದ್ದು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ಅಳತೆಗಳು ನಡೆದವು. ಸೌರಭ್ ಸಿಂಗ್ ಮೊದಲ ಲೇಖಕರಾಗಿ 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಪ್ರಕಟವಾದ ಫಲಿತಾಂಶ, ಎಡ್ಜಸ್ ಹೇಳಿದ ಕುಳಿಯನ್ನು ಶೇಕಡಾ 95.3 ವಿಶ್ವಾಸದೊಂದಿಗೆ ತಳ್ಳಿಹಾಕಿತು. ಹೊಸ ಬಗೆಯ ಕಪ್ಪುದ್ರವ್ಯದ ತುರ್ತು ಅಲ್ಲಿಗೆ ಬಹುಮಟ್ಟಿಗೆ ಇಳಿಯಿತು. ನಿಜವಾದ, ಸಾಮಾನ್ಯ ಆಳದ ಕುಳಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಎಫ್‌ಎಂ ಕೇಂದ್ರಗಳು ತುಂಬಿರುವ 88ರಿಂದ 108 ಮೆಗಾಹರ್ಟ್ಸ್ ಇದೇ ವ್ಯಾಪ್ತಿಯಲ್ಲಿ ಬೀಳುವುದರಿಂದ, ಗ್ರಾಹಕವನ್ನು ಚಂದ್ರನ ಕಕ್ಷೆಗೆ ಕಳಿಸಿ ಚಂದ್ರನ ಮರೆಯಲ್ಲಿ ಆಕಾಶ ನೋಡುವ ಪ್ರತುಷ್ ಯೋಜನೆಯನ್ನು ಸಂಸ್ಥೆ ರೂಪಿಸುತ್ತಿದೆ.

ರೋಹಿತದಿಂದ ಕಪ್ಪುದ್ರವ್ಯದ ಸ್ವಭಾವ ತಿಳಿಯುವ ಮತ್ತೊಂದು ಬಗೆಯೂ ಇದೆ. ಆದಿ ವಿಶ್ವದ ಅತಿ ಸಣ್ಣ ಶಬ್ದದ ಅಲೆಗಳು ಬೆಳಕಿನ ಸೋರಿಕೆಯಿಂದ ಅಡಗಿಹೋಗುವಾಗ ಅವುಗಳ ಶಕ್ತಿ ಹಿನ್ನೆಲೆಗೆ ಸೇರಿ ರೋಹಿತವನ್ನು ಕೃಷ್ಣಕಾಯದ ಆಕಾರದಿಂದ ಕೂದಲೆಳೆಯಷ್ಟು ಸರಿಸುತ್ತದೆ. ರಾಮನ್ ಸಂಸ್ಥೆಯ ಅಬೀರ್ ಸರ್ಕಾರ್ ಮತ್ತು ಶಿವ ಸೇಥಿ, ಖಭೌತ ಸಂಸ್ಥೆಯ ಸುಬಿನಯ್ ದಾಸ್ 2017ರಲ್ಲಿ ಕಪ್ಪುದ್ರವ್ಯದ ಬೇರೆ ಬೇರೆ ಮಾದರಿಗಳಲ್ಲಿ ಈ ಸರಿತ ಹೇಗೆ ಬದಲಾಗುತ್ತದೆ ಎಂದು ಲೆಕ್ಕ ಹಾಕಿದರು. ಕೋಬೆ ಕೊಟ್ಟ ಮಿತಿ ಲಕ್ಷದಲ್ಲಿ ಒಂಬತ್ತು ಭಾಗ. ಅದಕ್ಕಿಂತ ಸಾವಿರಾರು ಪಟ್ಟು ಸೂಕ್ಷ್ಮವಾದ ಉಪಕರಣ ಬಂದರೆ ಮಾತ್ರ ಆ ಲೆಕ್ಕಗಳನ್ನು ಪರೀಕ್ಷೆಗೆ ಒಡ್ಡಬಹುದು.

ಭಾರತದ್ದೇ ಒಂದು ಉಪಗ್ರಹದ ಪ್ರಸ್ತಾವ, ಸಿಎಂಬಿ-ಭಾರತ್, 2018ರಲ್ಲಿ ಇಸ್ರೋ ಮುಂದೆ ಬಂತು. ಪ್ಲಾಂಕ್ ತಂಡದಲ್ಲಿ ದುಡಿದ, ಆಮೇಲೆ ರಾಮನ್ ಸಂಸ್ಥೆಯ ನಿರ್ದೇಶಕರಾದ ತರುಣ್ ಸೌರದೀಪ್ ಅದರ ಮುಂದಾಳುಗಳಲ್ಲೊಬ್ಬರು. ನೆಲದ ದೂರದರ್ಶಕಗಳು ಸಣ್ಣ ಕೋನಗಳಲ್ಲಿ ಇಷ್ಟು ಮುಂದುವರಿದಿರುವಾಗ ಉಪಗ್ರಹ ಏಕೆ ಎಂಬುದಕ್ಕೆ ನ್ಯೂಟ್ರಿನೋಗಳ ತೂಕವೇ ಒಂದು ಕಾರಣ. ಕಣಗಳ ರೂಪಾಂತರದ ಪ್ರಯೋಗಗಳ ಪ್ರಕಾರ ಮೂರೂ ನ್ಯೂಟ್ರಿನೋಗಳ ಒಟ್ಟು ತೂಕ 0.06 ಇಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ಗುರುತ್ವ ಮಸೂರದ ನಕ್ಷೆಯಿಂದ ಅದನ್ನು ತೂಗಬಹುದು, ಆದರೆ ಆದಿ ವಿಶ್ವದ ಅಲೆಗಳ ಮೂಲ ಎತ್ತರ ಸರಿಯಾಗಿ ಗೊತ್ತಿರಬೇಕು. ಮೊದಲ ನಕ್ಷತ್ರಗಳು ಅನಿಲವನ್ನು ಮತ್ತೆ ಅಯಾನುಗಳಾಗಿ ಒಡೆದ ಮೇಲೆ ಹಿನ್ನೆಲೆ ಬೆಳಕಿನ ಒಂದು ಭಾಗ ಮತ್ತೊಮ್ಮೆ ಚದುರಿ ಆ ಎತ್ತರ ಕುಗ್ಗಿದಂತೆ ಕಾಣುತ್ತದೆ. ಎಷ್ಟು ಚದುರಿದೆ ಎಂಬುದಕ್ಕೆ ಪ್ಲಾಂಕ್ ಕೊಟ್ಟ ಸಂಖ್ಯೆ 0.054, ಅನಿಶ್ಚಿತತೆ 0.007. ಈ ಅನಿಶ್ಚಿತತೆ ತಗ್ಗಬೇಕಾದರೆ ಈ ಚದುರುವಿಕೆ ಹಿನ್ನೆಲೆ ಬೆಳಕಿನಲ್ಲಿ ಮೂಡಿಸಿದ, ಹತ್ತಾರು ಡಿಗ್ರಿ ಅಗಲದ ಧ್ರುವೀಕರಣವನ್ನು ಇಡೀ ಆಕಾಶದಲ್ಲಿ ಅಳೆಯಬೇಕು. ವಾತಾವರಣದ ಕೆಳಗಿನಿಂದ ಅದು ಬಹಳ ಕಷ್ಟ.